ಕೊಡಗಿನಲ್ಲಿ ರಾಜ್ಯಾಧಿಕಾರ, ಅನ್ನ ಮತ್ತು ದೇಹಸ್ಥಿತಿ

ಕ್ರಿ.ಶ. ೧೯೦೧ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಟಿ. ಎಚ್. ಹಾಲೆಂಡ್ ಎಂಬ ವಿದ್ವಾಂಸರು ಕೊಡಗಿನ ಎರಡು ಜನವರ್ಗಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಹಾಲೆಂಡರು ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಗೆ ಸೇರಿದವರು. ಕಲ್ಲುಗಳನ್ನು ಪರೀಕ್ಷಿಸಲು ಬಂದವರು ಮನುಷ್ಯರನ್ನೂ ಅಳೆದರು. ಕೊಡವರ ಮತ್ತು ಎರವರ ಎತ್ತರ, ತಲೆಯ ಉದ್ದಗಲ, ಮೂಗಿನ ಆಕಾರ ಮುಂತಾದವುಗಳನ್ನು ಅಕ್ಕಪಕ್ಕದಲ್ಲಿ ಇಟ್ಟು, ಇವೆರಡು ಪರಸ್ಪರ ವಿರುದ್ಧವಾದ ಜನಾಂಗಗಳೆಂಬುದನ್ನು ತೋರಿಸುವುದೇ ಆ ಲೇಖನದ ಉದ್ದೇಶವಾಗಿತ್ತು. ಕೊಡವನು ಎತ್ತರದವನು, ದೃಢಕಾಯನು. ಎರವನು ಗಿಡ್ಡ, ಕೃಶಕಾಯನು. ಆ ಕಾಲದ ಮಾನವಶಾಸ್ತ್ರದ ಪದ್ಧತಿಯಂತೆ ಈ ಅಂತರಕ್ಕೆ ಕಾರಣವನ್ನು ರಕ್ತದಲ್ಲಿಯೇ ಹುಡುಕಲಾಯಿತು.

ಅಳತೆಗಳನ್ನು ನಾವು ಸಂದೇಹಿಸುವುದಿಲ್ಲ. ನಮಗೆ ವಿಚಾರಾರ್ಹವಾಗಿ ಕಾಣುವುದು ಅಳತೆಗೆ ಒಳಗಾಗದೆ ಉಳಿದ ಸಂಗತಿ. ಹಾಲೆಂಡರು ಅಳೆದ ಎರಡು ವರ್ಗದವರೂ ಬೇರೆ ಬೇರೆ ದೇಶಗಳಲ್ಲಿ ಬಾಳಿದವರಲ್ಲ. ಒಂದೇ ಗದ್ದೆಯ ಏರಿಯ ಮೇಲೆ ಒಬ್ಬನು ನಿಂತಿದ್ದರೆ, ಕೆಸರಿನಲ್ಲಿ ಇನ್ನೊಬ್ಬನು ನಾಟಿ ಮಾಡುತ್ತಿದ್ದನು. ಒಂದೇ ಭತ್ತವು ಒಬ್ಬನ ಐನ್‌ಮನೆಯ ಪತ್ತಾಯಕ್ಕೂ ಇನ್ನೊಬ್ಬನ ಗುಡಿಸಿಲಿನ ಮಡಕೆಗೂ ಹೋಗುತ್ತಿತ್ತು. ಯಾವ ಪ್ರಮಾಣದಲ್ಲಿ ಹೋಗಬೇಕು ಎಂಬುದನ್ನು ನಿರ್ಣಯಿಸಿದ್ದು ಮಳೆಯೂ ಅಲ್ಲ, ಮಣ್ಣೂ ಅಲ್ಲ. ಭೂಹಿಡುವಳಿಯ ಕಟ್ಟಳೆ, ಕಂದಾಯ, ಆಯುಧದ ಹಕ್ಕು, ಅರಣ್ಯದ ಕಾನೂನು ಇವು. ಎಂದರೆ ರಾಜ್ಯಾಧಿಕಾರ. ಈ ದೃಷ್ಟಿಯಿಂದ ಕೊಡಗಿನ ಕಳೆದ ಇನ್ನೂರು ವರ್ಷಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಆನುವಂಶಿಕತೆಗೆ ಇಲ್ಲಿ ಎಡೆಯೇ ಇಲ್ಲವೆಂದು ನಮ್ಮ ವಾದವಲ್ಲ. ೧೯೫೨ರಲ್ಲಿ ಲೇಹ್‌ಮನ್ ಮತ್ತು ಕಟ್‌ಬುಷ್ ಎಂಬವರು ನೀಲಗಿರಿ ಸೀಮೆಯ ಗಿರಿಜನರಲ್ಲಿ ಕುಡುಗೋಲುಕಣ ರಕ್ತಲಕ್ಷಣವನ್ನು ಮೊದಲು ಗುರುತಿಸಿದರು. ಅದೇ ಲಕ್ಷಣ ಕೊಡಗಿನ ಕಾಡುಜನರಲ್ಲಿಯೂ ಉಂಟು. ಅದು ರಕ್ತಹೀನತೆಗೆ ಕಾರಣವಾಗುವ, ತಂದೆತಾಯಿಗಳಿಂದ ಬರುವ ಸಂಗತಿ. ಆದರೆ ತೂಕಕ್ಕೂ ಬೆಳವಣಿಗೆಗೂ ಸಂಬಂಧಿಸಿದಂತೆ ಆಹಾರದ ಪಾಲು ಎಷ್ಟು ದೊಡ್ಡದೆಂಬುದನ್ನು ಕೊಡಗಿಗೆ ದೂರವಲ್ಲದ ಕೂನೂರಿನಲ್ಲಿಯೇ ೧೯೨೦ರ ದಶಕದಲ್ಲಿ ರಾಬರ್ಟ್ ಮೆಕ್ಯಾರಿಸನ್ನರು ತೋರಿಸಿಕೊಟ್ಟಿದ್ದರು. ಒಂದೇ ತಳಿಯ ಇಲಿಗಳನ್ನು ಗುಂಪುಗುಂಪಾಗಿ ಬೇರ್ಪಡಿಸಿ, ಒಂದು ಗುಂಪಿಗೆ ಸಿಖ್ಖರ ಊಟ, ಒಂದಕ್ಕೆ ಮರಾಠರ ಊಟ, ಒಂದಕ್ಕೆ ಬಂಗಾಳಿಗಳ ಊಟ, ಒಂದಕ್ಕೆ ಕನ್ನಡಿಗರ ಊಟ, ಮತ್ತೊಂದಕ್ಕೆ ಮದರಾಸಿನವರ ಊಟ ಎಂದು ಅವರು ಹಾಕಿಸಿದರು. ಕೊನೆಗೆ ತೂಗಿದಾಗ ಗೋದಿ, ಹಾಲು, ಬೇಳೆ, ಸೊಪ್ಪು ತಿಂದ ಸಿಖ್ಖರ ಗುಂಪಿನ ಇಲಿ ಸರಾಸರಿ ೨೩೫ ಗ್ರಾಂ, ಕನ್ನಡಿಗರ ಗುಂಪಿನದು ೧೮೫ ಗ್ರಾಂ, ಮದರಾಸಿನದು ೧೫೫ ಗ್ರಾಂ ತೂಗಿದವು. ಇಲಿಗಳಿಗೆ ಜನಾಂಗಭೇದವಿರಲಿಲ್ಲ. ಕನ್ನಡಿಗರೆಲ್ಲರಿಗೂ ಒಂದೇ ಊಟವೆಂದು ಮೆಕ್ಯಾರಿಸನ್ನರು ಭಾವಿಸಿದ್ದು ಮಾತ್ರ ಸರಿಯಲ್ಲ. ಒಂದೇ ನಾಡಿನೊಳಗೆ, ಒಂದೇ ಬೇಲಿಯೊಳಗೆ, ಎರಡು ಊಟಗಳಿದ್ದವು.

ಹಾಲೇರಿ ಅರಸರ ಕಾಲದಲ್ಲಿ ಬೇರೂರಿದ ಭೂವ್ಯವಸ್ಥೆಯಿಂದ ನಾವು ಆರಂಭಿಸಬೇಕು. ಇದರಲ್ಲಿ ಮುಖ್ಯವಾದುದು ಜಮ್ಮ. 'ಜನ್ಮ' ಶಬ್ದದಿಂದ ಬಂದ ಈ ಹೆಸರಿನ ಹಿಡುವಳಿಯು ಒಬ್ಬ ವ್ಯಕ್ತಿಗೆ ಸೇರಿದ್ದಲ್ಲ, ಒಕ್ಕಕ್ಕೆ ಸೇರಿದ್ದು. ಅದನ್ನು ಮಾರುವಂತಿರಲಿಲ್ಲ, ಪಾಲು ಮಾಡುವಂತಿರಲಿಲ್ಲ. ಒಕ್ಕದವರು ಅರಸನು ಕರೆದಾಗ ಆಯುಧಸಹಿತ ಬರಬೇಕು. ಅದಕ್ಕೆ ಪ್ರತಿಯಾಗಿ ಕಂದಾಯದಲ್ಲಿ ರಿಯಾಯಿತಿ. ಸಾಗು ಎಂಬ ಸಾಮಾನ್ಯ ಹಿಡುವಳಿಯ ನೂರು ಭಟ್ಟಿ ಗದ್ದೆಗೆ ಹತ್ತು ರೂಪಾಯಿ ಕಂದಾಯವಾದರೆ ಜಮ್ಮ ಗದ್ದೆಗೆ ಐದೇ ರೂಪಾಯಿ. ಇದಲ್ಲದೆ ಗದ್ದೆಗೆ ಹೊಂದಿಕೊಂಡ ಬಾಣೆ ಎಂಬ ಕಾಡು ಕಂದಾಯವಿಲ್ಲದೆ ದೊರೆಯುತ್ತಿತ್ತು: ದನಗಳಿಗೆ ಮೇವು, ಗದ್ದೆಗೆ ತರಗು ಮತ್ತು ಸೊಪ್ಪು, ಮನೆಗೆ ಸೌದೆ ಮತ್ತು ಮರ.

ಈ ವ್ಯವಸ್ಥೆಯನ್ನು ಇದುವರೆಗೆ ಸೈನಿಕ ಚರಿತ್ರೆಯ ಅಧ್ಯಾಯವೆಂದೋ ಕಂದಾಯ ಚರಿತ್ರೆಯ ಅಧ್ಯಾಯವೆಂದೋ ಬರೆದದ್ದುಂಟು. ಅದನ್ನು ಊಟದ ಚರಿತ್ರೆಯೆಂದೂ ಓದಲು ಸಾಧ್ಯ. ಅರ್ಧ ಕಂದಾಯವೆಂದರೆ ಉಳಿದ ಭತ್ತ ಮನೆಯ ಪತ್ತಾಯದಲ್ಲಿಯೇ ನಿಂತಿತೆಂದು ಅರ್ಥ. ಬಾಣೆ ಎಂದರೆ ಹಸು, ಹಸುವೆಂದರೆ ಹಾಲು ಮತ್ತು ಗೊಬ್ಬರ; ಮಳೆಗಾಲದ ಅಣಬೆ, ಬಿದಿರಿನ ಕಳಲೆ, ಜೇನು, ಗದ್ದೆಗೆ ಇಳಿಯುವ ಕಾಡುಹಂದಿ ಇವೆಲ್ಲ ಬಾಣೆಯ ಬೆಳೆಗಳೇ. ಅನ್ನ, ಮಾಂಸ, ಸೊಪ್ಪು, ಹಾಲು ಒಂದೇ ಹಕ್ಕುಪತ್ರದಲ್ಲಿ ಕೂಡಿಬಂದ ಇಂತಹ ಹಿಡುವಳಿ ದಕ್ಷಿಣ ಭಾರತದಲ್ಲಿ ಅಪರೂಪ.

ಆದರೆ ಅದೇ 'ಜಮ್ಮ' ಶಬ್ದ ಮನುಷ್ಯರಿಗೂ ಅನ್ವಯಿಸುತ್ತಿತ್ತು. ಹೊಲೆಯರು, ಎರವರು ಮೊದಲಾದ ಗದ್ದೆಯ ಆಳುಗಳಲ್ಲಿ ಎರಡು ಬಗೆ. ಭೂಮಿಜಮ್ಮದ ಆಳು ಎಂಬವನು ಮಣ್ಣಿಗೆ ಅಂಟಿಕೊಂಡವನು, ಅವನನ್ನು ಆ ಭೂಮಿಯಿಂದ ಬೇರೆಡೆಗೆ ಒಯ್ಯುವಂತಿರಲಿಲ್ಲ. ಒಕ್ಕಲುಜಮ್ಮದ ಆಳು ಒಕ್ಕದ ಆಸ್ತಿ, ಅವನನ್ನು ಮಾರಬಹುದಾಗಿತ್ತು. ಇವರಿಗೆ ದಿನದ ಅಳತೆಯ ಭತ್ತ ಅಥವಾ ಅಕ್ಕಿ, ವರ್ಷಕ್ಕೆ ಬಟ್ಟೆ, ಹಬ್ಬಕ್ಕೆ ಒಂದಿಷ್ಟು. ಅಳತೆ ಕೆಲಸದ ದಿನಕ್ಕೆ ಮಾತ್ರ. ಕಾಯಿಲೆಯ ದಿನದಲ್ಲಿ ಏನು ದೊರೆಯುವುದೆಂಬುದು ಒಡೆಯನ ಮನಸ್ಸಿಗೆ ಬಿಟ್ಟದ್ದು. ಒಂದೇ ಶಬ್ದವು ಒಬ್ಬನಿಗೆ ಹುಟ್ಟಿನಿಂದ ಬಂದ ಭೂಮಿಯನ್ನೂ ಇನ್ನೊಬ್ಬನಿಗೆ ಹುಟ್ಟಿನಿಂದ ಬಂದ ದಾಸ್ಯವನ್ನೂ ಸೂಚಿಸುತ್ತಿದ್ದುದನ್ನು ಗಮನಿಸಿದರೆ, ಹಾಲೆಂಡರ ಪಟ್ಟಿಗೆ ಸೇರಬೇಕಾಗಿದ್ದ ಒಂದು ಕಲಂ ಯಾವುದೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ಯುದ್ಧವೂ ಅನ್ನವನ್ನು ಹಂಚುತ್ತದೆ. ೧೭೮೫ರಲ್ಲಿ ಟಿಪ್ಪು ಸುಲ್ತಾನನು ಕೊಡಗಿನ ಸಾವಿರಾರು ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಗದ್ದೆಗಳು ಬೀಳುಬಿದ್ದವು. ೧೭೮೮ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ದೊಡ್ಡ ವೀರರಾಜೇಂದ್ರನು ಮೂರೇ ವರ್ಷಗಳಲ್ಲಿ, ೧೭೯೧-೯೨ರ ಯುದ್ಧದ ಕಾಲದಲ್ಲಿ, ಘಟ್ಟವೇರಿ ಬಂದ ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯಕ್ಕೆ ಧಾನ್ಯವನ್ನೂ ಎತ್ತುಗಳನ್ನೂ ಒದಗಿಸಿದನು. ಆ ಮೈತ್ರಿಯ ನೆನಪಿಗೆ ವೀರರಾಜಪೇಟೆ ಸ್ಥಾಪಿತವಾಯಿತು. ಅರಸನ ಔದಾರ್ಯವನ್ನು ಇಂಗ್ಲಿಷ್ ಅಧಿಕಾರಿಗಳು ಹೊಗಳಿದರು. ಆಗತಾನೆ ಚೇತರಿಸಿಕೊಳ್ಳುತ್ತಿದ್ದ ಒಂದು ಪುಟ್ಟ ನಾಡು ಒಂದು ದೊಡ್ಡ ಸೈನ್ಯದ ಹೊಟ್ಟೆಯನ್ನು ತುಂಬಿಸಿದರೆ ಯಾರ ಹೊಟ್ಟೆಗೆ ಕಡಿಮೆಯಾಗಿರಬೇಕೆಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಅರಸನೇ ಬರೆಸಿದ 'ರಾಜೇಂದ್ರನಾಮೆ' ರಾಜನ ಚರಿತ್ರೆ. ಗದ್ದೆಯಾಳಿನ ಅನ್ನದ ಲೆಕ್ಕವನ್ನು ಅಂತಹ ಗ್ರಂಥದಲ್ಲಿ ಅರಸುವುದು ವ್ಯರ್ಥ.

೧೮೩೪ರ ಮೇ ತಿಂಗಳಿನಲ್ಲಿ ಚಿಕ್ಕ ವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪೆನಿ ಸರಕಾರದ ವಶವಾಯಿತು. ಅಮರಸುಳ್ಯ, ಪುತ್ತೂರು ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿನ ರೈತರು ಅರಸರ ಕಾಲದಲ್ಲಿ ಕಂದಾಯವನ್ನು ಧಾನ್ಯರೂಪದಲ್ಲಿ ಸಲ್ಲಿಸುತ್ತಿದ್ದವರು. ಕಂಪೆನಿಯು ನಾಣ್ಯವನ್ನು ಕೇಳಿತು. ಕಾಗದದ ಮೇಲೆ ಇದು ಲೆಕ್ಕದ ಬದಲಾವಣೆ ಮಾತ್ರ. ರೈತನಿಗೆ ಇದು ವರ್ಷದ ಊಟದ ಬದಲಾವಣೆ. ಧಾನ್ಯವನ್ನೇ ಕೊಡುವವನು ಕುಯ್ಲಿನ ಕಣದಲ್ಲಿ ಒಂದು ಭಾಗವನ್ನು ಅಳೆದುಕೊಟ್ಟು ಉಳಿದುದನ್ನು ಮನೆಗೆ ಒಯ್ಯುತ್ತಾನೆ. ಬೆಳೆ ಕಡಿಮೆಯಾದರೆ ಕೊಡುವುದೂ ಕಡಿಮೆಯಾಗಲು ಅವಕಾಶವುಂಟು. ನಾಣ್ಯ ಕೊಡಬೇಕಾದವನು ಎಲ್ಲರೂ ಮಾರುವ ಹೊತ್ತಿಗೆ ತಾನೂ ಮಾರಬೇಕು, ಆಗ ಬೆಲೆ ಇಳಿದಿರುತ್ತದೆ. ಆಷಾಢದಲ್ಲಿ ಪತ್ತಾಯ ಬರಿದಾದಾಗ ಸಾಹುಕಾರನಲ್ಲಿ ಏರಿದ ಬೆಲೆಗೆ ಅದೇ ಅಕ್ಕಿಯನ್ನು ಸಾಲ ತರಬೇಕು. ನಾಟಿಯ ಕಾಲ ಅದು. ದೇಹ ಅತ್ಯಂತ ಹೆಚ್ಚು ದುಡಿಯಬೇಕಾದ ತಿಂಗಳಿನಲ್ಲಿಯೇ ಅನ್ನ ಅತ್ಯಂತ ಕಡಿಮೆ. ಮಳೆಯಾಶ್ರಿತ ದೇಶಗಳಲ್ಲಿ ರೈತನ ಮೈತೂಕ ಕುಯ್ಲಿನ ಬಳಿಕ ಏರಿ ನಾಟಿಯ ವೇಳೆಗೆ ಇಳಿಯುವುದನ್ನು ಪೌಷ್ಟಿಕಶಾಸ್ತ್ರಜ್ಞರು ಆಫ್ರಿಕದಲ್ಲಿಯೂ ಏಷ್ಯದಲ್ಲಿಯೂ ಅಳೆದು ತೋರಿಸಿದ್ದಾರೆ. ನಾಣ್ಯದ ಕಂದಾಯ ಆ ಇಳಿತವನ್ನು ಇನ್ನಷ್ಟು ಆಳವಾಗಿಸಿತು.

೧೮೩೭ರ ಅಮರಸುಳ್ಯದ ದಂಗೆಗೆ ಕಾರಣಗಳು ಹಲವು. ಅದು ರಾಜವಂಶದ ಪುನಃಸ್ಥಾಪನೆಯ ಯತ್ನವೇ, ರೈತರ ದಂಗೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ಘೋಷಣೆಯಲ್ಲಿ ಜನರಿಗೆ ನೀಡಿದ ಭರವಸೆ ಏನೆಂಬುದನ್ನು ನೋಡಿದರೆ ನಮ್ಮ ಪ್ರಕೃತ ಉದ್ದೇಶಕ್ಕೆ ಸಾಕು: ಮೂರು ವರ್ಷ ಕಂದಾಯವಿಲ್ಲ, ಉಪ್ಪು ಮತ್ತು ಹೊಗೆಸೊಪ್ಪಿನ ಸುಂಕವಿಲ್ಲ. ಸಿಂಹಾಸನದ ಮಾತಿಗಿಂತ ಉಪ್ಪಿನ ಮಾತು ದೂರ ಹೋಯಿತೆಂದು ನಾವು ಭಾವಿಸುತ್ತೇವೆ. ದಂಗೆಕೋರರು ಏಪ್ರಿಲ್ ತಿಂಗಳಿನಲ್ಲಿ ಮಂಗಳೂರಿನವರೆಗೆ ನಡೆದರು. ಹಲವು ದಿನಗಳ ಬಳಿಕ ಸೋತರು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರಿನಲ್ಲಿ ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಘಟ್ಟದ ಮೇಲಿನ ಕೊಡಗಿನಲ್ಲಿ, ಜಮ್ಮ ಹಿಡುವಳಿಗೆ ಕೈಹಚ್ಚದೆ ಬಿಟ್ಟಿದ್ದ ಕಂಪೆನಿಯ ಕಡೆಗೆ ನಿಂತ ಕೊಡವ ಮುಖಂಡರು ಪದಕಗಳನ್ನೂ ಜಹಗೀರುಗಳನ್ನೂ ಪಡೆದರು. ಅವರ ಪತ್ತಾಯಕ್ಕೆ ಅಪಾಯ ಬಂದಿರಲಿಲ್ಲವೆಂಬುದು ಅದಕ್ಕೆ ಒಂದು ಕಾರಣವಾಗಿರಬಹುದು.

ಈ ನಿಷ್ಠೆಗೆ ಇನ್ನೊಂದು ಫಲವೂ ದೊರೆಯಿತು. ಸಿಪಾಯಿ ದಂಗೆಯ ಬಳಿಕ ದೇಶದಲ್ಲೆಲ್ಲಾ ಜನರನ್ನು ನಿರಾಯುಧರನ್ನಾಗಿ ಮಾಡುತ್ತಿರುವಾಗ, ೧೮೬೧ರಲ್ಲಿ ಮಾರ್ಕ್ ಕಬ್ಬನ್ನರು ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ನೀಡಿದರು. ಮುಂದೆ ಕೊಡವ ಜನಾಂಗದವರಿಗೂ ಜಮ್ಮ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಉಳಿದುಬಂದಿತು. ಕೋವಿಯನ್ನು ಗೌರವದ ಚಿಹ್ನೆಯೆಂದು ವರ್ಣಿಸುವವರು ಅದು ಅಡುಗೆಮನೆಯ ಉಪಕರಣವೂ ಆಗಿತ್ತೆಂಬುದನ್ನು ಮರೆಯುತ್ತಾರೆ. ನಾಟಿ ಮುಗಿದು ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯಾದ ಮೇಲೆ ಬೇಟೆ ಆರಂಭವಾಗುತ್ತಿತ್ತು. ಕಾಚಂಪುಳಿಯ ಹುಳಿ ಹಾಕಿ ಬೇಯಿಸಿದ ಹಂದಿಮಾಂಸ, ಒಲೆಯ ಮೇಲೆ ಹೊಗೆಗೆ ಒಣಗಿಸಿಟ್ಟ ಮಾಂಸ ಇವು ಅಕ್ಕಿಯ ಊಟಕ್ಕೆ ಬೇಕಾದ ಮಾಂಸಸತ್ತ್ವವನ್ನೂ ಕೊಬ್ಬನ್ನೂ ಒದಗಿಸುತ್ತಿದ್ದವು. ಬರಿಯ ಅಕ್ಕಿಯ ಆಹಾರದ ದೋಷಗಳನ್ನು ಕೂನೂರಿನ ಪ್ರಯೋಗಶಾಲೆ ಕಂಡುಹಿಡಿಯುವುದಕ್ಕೆ ಎಷ್ಟೋ ಮೊದಲೇ ಕೊಡಗಿನ ಐನ್‌ಮನೆಗಳು ಅವನ್ನು ನಿವಾರಿಸಿಕೊಂಡಿದ್ದವು. ಎರವನಿಗೆ ಈ ವಿನಾಯಿತಿ ಅನ್ವಯಿಸಲಿಲ್ಲ. ಅವನು ಬೇಟೆಯಲ್ಲಿ ಹಂದಿಯನ್ನು ಎಬ್ಬಿಸುವವನು, ಹೊರುವವನು, ಹಾರಿಸುವವನಲ್ಲ.

ಹಾಗಾದರೆ ಆಳಿನ ಮಡಕೆಗೆ ಅಕ್ಕಿಯ ಜೊತೆಗೆ ಏನು ಬೀಳುತ್ತಿತ್ತು? ಇದು ನಮ್ಮ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾದ ಭಾಗ. ಕಕ್ಕಡ ಮಾಸದಲ್ಲಿ, ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಸೂರ್ಯನೇ ಕಾಣದ ಮಳೆಯಲ್ಲಿ ಇಡೀ ಕೊಡಗು ಕಾಡಿನ ಕಡೆಗೂ ಗದ್ದೆಯ ಅಂಚಿನ ಕಡೆಗೂ ಮುಖ ತಿರುಗಿಸುತ್ತದೆ. ಬೈಂಬಳೆಯೆಂಬ ಬಿದಿರಿನ ಕಳಲೆ, ಕೆಸುವಿನ ಎಲೆ, ಮರದ ಅಣಬೆ, ಗದ್ದೆಯ ಏಡಿ, ತೋಡಿನ ಮೀನು, ಕಕ್ಕಡದ ಹದಿನೆಂಟರಂದು ಬೇಯಿಸುವ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಇವೆಲ್ಲ ಈ ಮಾಸದ ಆಹಾರ. ಒಡೆಯನ ಮನೆಯಲ್ಲಿ ಇವು ಋತುವಿನ ರುಚಿ. ಆಳಿನ ಗುಡಿಸಿಲಿನಲ್ಲಿ ಇವೇ ಊಟದ ಆಧಾರ. ಏಡಿಗೂ ಸೊಪ್ಪಿಗೂ ಯಾರೂ ಕಂದಾಯ ಹಾಕಿರಲಿಲ್ಲ, ಹಕ್ಕುಪತ್ರ ಕೇಳಿರಲಿಲ್ಲ. ಜೇನುಕುರುಬರು ಅಗೆಯುತ್ತಿದ್ದ ನೂರೆಗೆಣಸೂ ಹೀಗೆಯೇ. ಕೊಡಗಿನ ದುಡಿಯುವ ದೇಹವನ್ನು ಶತಮಾನಗಳ ಕಾಲ ನಿಲ್ಲಿಸಿದ್ದು ಅಳತೆಯ ಭತ್ತ ಒಂದೇ ಅಲ್ಲ, ಯಾವ ದಫ್ತರಿನಲ್ಲಿಯೂ ದಾಖಲೆಯಾಗದ ಈ ಆಹಾರ. ದಾಖಲೆಯಾಗದ್ದರಿಂದಲೇ ಅದು ಮುಂದೆ ನಷ್ಟವಾದಾಗ ಯಾವ ಸರಕಾರಕ್ಕೂ ಗೊತ್ತಾಗಲಿಲ್ಲ.

೧೮೫೪ರಲ್ಲಿ ಫೌಲರ್ ಎಂಬವರು ಮಡಿಕೇರಿಯ ಬಳಿ ಮೊದಲ ಐರೋಪ್ಯ ಕಾಫಿತೋಟವನ್ನು ಆರಂಭಿಸಿದರು. ಹತ್ತು ಹದಿನೈದು ವರ್ಷಗಳಲ್ಲಿ ಕಾಫಿ ಸಿದ್ದಾಪುರದ ಬಿದಿರುಸೀಮೆಯನ್ನು ವ್ಯಾಪಿಸಿತು. ೧೮೪೩ರ ಐದನೆಯ ಕಾನೂನು ದಾಸ್ಯವನ್ನು ನ್ಯಾಯಾಲಯ ಮನ್ನಿಸದಂತೆ ಮಾಡಿತ್ತು; ಕಾಫಿತೋಟ ನಗದು ಕೂಲಿಯನ್ನು ಮುಂದೊಡ್ಡಿತು. ಹರ್ಮನ್ ಮೋಗ್ಲಿಂಗರು ಹೊಲೆಯರಿಗಾಗಿ ಆನಂದಪುರವನ್ನು ನೆಲೆಗೊಳಿಸಿದ್ದೂ ಈ ಕಾಲದಲ್ಲಿಯೇ. ಆಳು ಗದ್ದೆಯ ಒಡೆಯನಿಂದ ಬಿಡಿಸಿಕೊಳ್ಳಲು ಒಂದು ಬಾಗಿಲು ತೆರೆಯಿತೆಂಬುದು ನಿಜ. ಆ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದನು. ಮುಂಗಡ ಹಣ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡು ಆಳುಗಳನ್ನು ತರುವವನು ಅವನು. ವಾರಕ್ಕೊಮ್ಮೆ ಕೊಟ್ಟ ಅಕ್ಕಿಯ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಂಡ ಮೇಲೆ ಕೈಗೆ ಬರುವ ಹಣ ಅಲ್ಪ. ಕರಾರು ಮುರಿದರೆ ೧೮೫೯ರ ಕಾನೂನಿನಂತೆ ಸೆರೆಮನೆ. ಆ ಕಾನೂನು ಭಾರತದಲ್ಲಿ ೧೯೨೬ರಲ್ಲಿ ರದ್ದಾದಾಗ, ಎರಡು ವರ್ಷಗಳ ಹಿಂದೆ ಸ್ಥಾಪಿತವಾಗಿದ್ದ ಕೊಡಗಿನ ಶಾಸನಸಭೆ ಪ್ರತ್ಯೇಕ ಕಾರ್ಮಿಕ ಕಾನೂನೊಂದನ್ನು ಮಾಡಿ ಶಿಕ್ಷೆಯ ಅಂಶವನ್ನು ಇನ್ನೂ ಕೆಲವು ವರ್ಷ ಉಳಿಸಿಕೊಂಡಿತು. ಒಂದು ಪ್ರಾಂತದ ಜನ ಮೊದಲ ಬಾರಿಗೆ ಪಡೆದ ಶಾಸನಾಧಿಕಾರವನ್ನು ಹೇಗೆ ಬಳಸಿದರು ಎಂಬುದಕ್ಕೆ ಇದೊಂದು ನಿದರ್ಶನ, ಹೊಗಳುವಂತಹುದಲ್ಲ. ಆ ಸಭೆಯ ಮತದಾರರಲ್ಲಿ ತೋಟದ ಆಳುಗಳು ಇರಲಿಲ್ಲ.

ಜನಗಣತಿಯ ಅಂಕಿಗಳು ಇಲ್ಲಿ ಸ್ವಲ್ಪ ಬೆಳಕು ಬೀರುತ್ತವೆ. ಕೊಡಗಿನ ಜನಸಂಖ್ಯೆ ೧೮೭೧ರಲ್ಲಿ ೧,೬೮,೩೧೨, ೧೯೦೧ರಲ್ಲಿ ೧,೮೦,೬೦೭, ೧೯೪೧ರಲ್ಲಿ ೧,೬೮,೭೨೬. ಎಪ್ಪತ್ತು ವರ್ಷಗಳಲ್ಲಿ ಒಂದು ನಾಡಿನ ಜನ ಹೆಚ್ಚಲೇ ಇಲ್ಲ. ತೋಟಗಳಿಗೆ ಬಂದುಹೋಗುವ ಆಳುಗಳಿಂದ ಅಂಕಿಗಳು ಏರಿಳಿಯುತ್ತಿದ್ದವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಇದು ಅಸಾಮಾನ್ಯ. ಮಲೇರಿಯ ಇದರ ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಜ್ವರ ರಕ್ತವನ್ನು ಹೀರುತ್ತದೆ, ರಕ್ತಹೀನನಾದವನು ದುಡಿಯಲಾರ, ದುಡಿಯದವನಿಗೆ ಆ ದಿನದ ಅಳತೆಯಿಲ್ಲ, ಉಣ್ಣದವನನ್ನು ಜ್ವರ ಮತ್ತೆ ಹಿಡಿಯುತ್ತದೆ. ಈ ಚಕ್ರದಲ್ಲಿ ಜ್ವರ ಎಲ್ಲರಿಗೂ ಸಮಾನವಾಗಿ ಬಂದರೂ ಹಸಿವು ಹಾಗೆ ಬರಲಿಲ್ಲ. ೧೯೫೧ರ ವೇಳೆಗೆ ಜನಸಂಖ್ಯೆ ೨,೨೯,೪೦೫ಕ್ಕೆ ಏರಿತು, ಹತ್ತು ವರ್ಷಗಳಲ್ಲಿ ನೂರಕ್ಕೆ ಮೂವತ್ತಾರರಷ್ಟು. ಡಿ.ಡಿ.ಟಿ. ಸಿಂಪಡಣೆಯೂ ಹೊರಗಿನಿಂದ ಬಂದ ದುಡಿಮೆಗಾರರೂ ಸೇರಿ ಆದ ಹೆಚ್ಚಳ ಇದು. ಈ ಅವಧಿಯುದ್ದಕ್ಕೂ ಕೊಡಗು ತನ್ನ ಅಕ್ಕಿಯನ್ನು ಮಲಬಾರಿಗೂ ಮೈಸೂರಿಗೂ ಕಳಿಸುತ್ತಿದ್ದ ನಾಡಾಗಿತ್ತು ಎಂಬುದನ್ನೂ ಇದರ ಪಕ್ಕದಲ್ಲಿಯೇ ಇಟ್ಟು ನೋಡಬೇಕು. ನಾಡಿಗೆ ಅನ್ನ ಹೆಚ್ಚಾಗಿತ್ತು, ನಾಡಿನ ಎಲ್ಲರಿಗಲ್ಲ.

೧೯೫೨ರಲ್ಲಿ ಸಿ. ಎಂ. ಪೂಣಚ್ಚನವರ ಮುಖ್ಯಮಂತ್ರಿತ್ವದಲ್ಲಿ ಕೊಡಗು 'ಸಿ' ವರ್ಗದ ರಾಜ್ಯವಾಗಿ ತನ್ನ ಚುನಾಯಿತ ಸರಕಾರವನ್ನು ಕಂಡಿತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ವಿಲೀನದ ಪರವಿರೋಧಗಳನ್ನು ಕುರಿತು ಬಹಳಷ್ಟು ಬರೆಯಲಾಗಿದೆ; ಇಲ್ಲಿ ಅದು ಬೇಕಿಲ್ಲ. ನಮಗೆ ಮುಖ್ಯವಾದವು ಎರಡು ಶಾಸನಗಳು. ಮೊದಲನೆಯದು ೧೯೫೧ರ ತೋಟ ಕಾರ್ಮಿಕರ ಕಾನೂನು. ನೂರೈವತ್ತು ಕಾರ್ಮಿಕರಿರುವಲ್ಲಿ ಉಪಾಹಾರಗೃಹ, ಐವತ್ತು ಹೆಣ್ಣಾಳುಗಳಿರುವಲ್ಲಿ ಶಿಶುವಿಹಾರ, ವಾಸಕ್ಕೆ ಮನೆ ಎಂದೆಲ್ಲ ಅದು ವಿಧಿಸಿತು. ಆದರೆ ಅದು ಅನ್ವಯಿಸಿದ್ದು ಮೊದಲು ೨೫ ಎಕರೆ ಮತ್ತು ಅದಕ್ಕೆ ಮೇಲ್ಪಟ್ಟ, ೧೯೮೧ರ ತಿದ್ದುಪಡಿಯ ಬಳಿಕ ೫ ಹೆಕ್ಟೇರು ಮತ್ತು ಅದಕ್ಕೆ ಮೇಲ್ಪಟ್ಟ ತೋಟಗಳಿಗೆ. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಕೊಡಗಿನ ತೋಟದಾಳುಗಳಲ್ಲಿ ಬಹುಮಂದಿ ದುಡಿಯುತ್ತಿದ್ದುದು ಕಾನೂನಿನ ಕೈಗೆ ಎಟುಕದ ಇಂತಹ ತೋಟಗಳಲ್ಲಿ. ಎರಡನೆಯದು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣೆ. ಕರ್ನಾಟಕದ ಇತರ ಭಾಗಗಳಲ್ಲಿ, ಅದರಲ್ಲಿಯೂ ದಕ್ಷಿಣ ಕನ್ನಡದಲ್ಲಿ, ಗೇಣಿದಾರನನ್ನ��� ಭೂಮಿಯ ಒಡೆಯನನ್ನಾಗಿ ಮಾಡಿದ ಈ ಕ್ರಾಂತಿಕಾರಿ ಶಾಸನವು ೧೦೪ನೆಯ ಪ್ರಕರಣದಲ್ಲಿ ಪ್ಲಾಂಟೇಶನ್‌ಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ತೋಟದ ಆಳು ಗೇಣಿದಾರನೂ ಅಲ್ಲ. ಆದ್ದರಿಂದ ಕೇಳಲು ಅವನಿಗೆ ಏನೂ ಇರಲಿಲ್ಲ. ಲೈನುಮನೆಯಲ್ಲಿ ವಾಸಿಸುವವನಿಗೆ ಒಂದು ಹಿತ್ತಿಲೂ ಇಲ್ಲ, ಕೋಳಿ ಸಾಕಬೇಕಾದರೂ ತೋಟದ ಮಾಲೀಕನ ಒಪ್ಪಿಗೆ ಬೇಕು. ೧೯೭೬ರ ಕಾನೂನು ಜೀತವನ್ನು ರದ್ದುಮಾಡಿತು, ಸಾಲವನ್ನು ಅಳಿಸಿತು, ಭೂಮಿಯನ್ನು ಕೊಡಲಿಲ್ಲ.

ಇದೇ ವರ್ಷಗಳಲ್ಲಿ ಕಾಡಿನ ಬಾಗಿಲೂ ಮುಚ್ಚಿತು. ನಾಗರಹೊಳೆ ೧೯೫೫ರಲ್ಲಿ ವನ್ಯಮೃಗಧಾಮವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯನ್ನು ನಿಷೇಧಿಸಿತು. ಈ ಕಾನೂನಿನ ಅವಶ್ಯಕತೆಯನ್ನು ನಾವು ಪ್ರಶ್ನಿಸುವುದಿಲ್ಲ. ಕಾಡುಹಂದಿ ಉಳಿಯುವುದೂ ಹುಲಿ ಉಳಿಯುವುದೂ ಬೇಕಾದದ್ದೇ. ಆದರೆ ಅದರ ಭಾರ ಬಿದ್ದ ಬಗೆಯನ್ನು ನೋಡಬೇಕು. ಐನ್‌ಮನೆಯಲ್ಲಿ ಕೋವಿ ಉಳಿಯಿತು, ಬೇಟೆ ಹೋಯಿತು. ಪೇಟೆಯಲ್ಲಿ ಸಾಕುಹಂದಿಯ ಮಾಂಸವನ್ನು ಹಣಕೊಟ್ಟು ತರಲಾಯಿತು, ಕಾಚಂಪುಳಿಯ ಅಡುಗೆ ನಿಲ್ಲಲಿಲ್ಲ. ಹಾಡಿಯ ಜೇನುಕುರುಬನಿಗೆ ಗೆಣಸು, ಜೇನು, ಸಣ್ಣ ಬೇಟೆ ಒಟ್ಟಿಗೆ ಹೋದವು. ಹಣಕೊಟ್ಟು ತರುವ ಶಕ್ತಿ ಅವನಿಗಿರಲಿಲ್ಲ. ಹಲವು ಕುಟುಂಬಗಳನ್ನು ಕಾಡಿನಿಂದ ಹೊರಗೆ ಕಳಿಸಲಾಯಿತು, ಅವರಲ್ಲಿ ಬಹುಜನ ಸೇರಿದ್ದು ಕಾಫಿತೋಟದ ಲೈನುಮನೆಗಳನ್ನು. ಗದ್ದೆಗೆ ಕೀಟನಾಶಕ ಬಂದ ಮೇಲೆ ಏಡಿಯೂ ಮೀನೂ ವಿರಳವಾದವು. ಇನ್ನೂ ಮುಂದೆ, ೧೯೯೬ರಲ್ಲಿ ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ಪದ್ಧತಿ ಕೊನೆಗೊಂಡು ಕಾಫಿಯ ಮಾರಾಟ ಮುಕ್ತವಾದ ಮೇಲೆ, ಕೂಲಿಗೂ ಗೊಬ್ಬರಕ್ಕೂ ಹುಟ್ಟದ ಭತ್ತದ ಗದ್ದೆಗಳು ಶುಂಠಿಗೂ ಅಡಕೆಗೂ ಬಾಳೆಗೂ ಮಾರ್ಪಟ್ಟವು, ಇಲ್ಲವೆ ಬೀಳುಬಿದ್ದವು. ಗದ್ದೆಯಿಲ್ಲದ ಕಡೆ ಗದ್ದೆಯ ಏರಿಯ ಸೊಪ್ಪೂ ಇಲ್ಲ.

ದಾಖಲೆಯಾಗದ ಆಹಾರದ ಜಾಗಕ್ಕೆ ದಾಖಲೆಯಾದ ಆಹಾರ ಬಂದಿತು. ೧೯೭೫ರಲ್ಲಿ ದೇಶದ ೩೩ ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು; ಅಂಗನವಾಡಿಗಳು ಕಾಲಕ್ರಮದಲ್ಲಿ ಕೊಡಗಿನ ಹಾಡಿಗಳಿಗೂ ತಲುಪಿದವು. ಸರ್ವೋಚ್ಚ ನ್ಯಾಯಾಲಯದ ೨೦೦೧ರ ನವೆಂಬರಿನ ಆದೇಶದ ಬಳಿಕ ಶಾಲೆಗಳಲ್ಲಿ ಬಿಸಿಯೂಟ, ೨೦೧೩ರಲ್ಲಿ ಅನ್ನಭಾಗ್ಯ ಮತ್ತು ಕ್ಷೀರಭಾಗ್ಯ. ಜೇನುಕುರುಬ, ಎರವ, ಕೊರಗ, ಸೋಲಿಗ ಮೊದಲಾದ ಬುಡಕಟ್ಟುಗಳಿಗೆ ಮಳೆಗಾಲದ ತಿಂಗಳುಗಳಲ್ಲಿ ರಾಗಿ, ಬೇಳೆಕಾಳು, ಬೆಲ್ಲ, ಎಣ್ಣೆ, ತುಪ್ಪ, ಮೊಟ್ಟೆಗಳನ್ನು ನೀಡುವ ವಿಶೇಷ ಯೋಜನೆಯನ್ನೂ ರಾಜ್ಯ ಸರಕಾರ ರೂಪಿಸಿತು. ಈ ಪಟ್ಟಿಯನ್ನು ಓದುವಾಗ ನಮಗೆ ಕಕ್ಕಡದ ನೆನಪಾಗುತ್ತದೆ. ಸರಕಾರ ಆರಿಸಿಕೊಂಡದ್ದು ಅದೇ ತಿಂಗಳುಗಳನ್ನು. ತುಂಬಲು ಯತ್ನಿಸಿದ್ದು ಏಡಿ, ಗೆಣಸು, ಜೇನು ಬಿಟ್ಟುಹೋದ ಖಾಲಿಯನ್ನು. ಇವುಗಳಿಂದ ಪ್ರಯೋಜನವಾಗಿಲ್ಲವೆಂದು ಹೇಳುವುದು ಅನ್ಯಾಯ. ಬಿಸಿಯೂಟಕ್ಕಾಗಿಯೇ ಶಾಲೆಗೆ ಬಂದು ಉಳಿದ ಮಕ್ಕಳಿದ್ದಾರೆ. ತುಂಬುಹೊಟ್ಟೆಯಲ್ಲಿ ಮಲಗಿದ ಮಳೆಗಾಲದ ರಾತ್ರಿ ಸಣ್ಣ ಸಂಗತಿಯಲ್ಲ. ಆದರೆ ಪಡಿತರದಲ್ಲಿ ನಿಯಮಿತವಾಗಿ ಬಂದದ್ದು ಅಕ್ಕಿ; ಉಳಿದವು ಯೋಜನೆ, ಋತು, ಮಂತ್ರಿಮಂಡಲಗಳಿಗೆ ತಕ್ಕಂತೆ ಬಂದವು, ನಿಂತವು.

ಮೊಟ್ಟೆಯ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ಶಾಲಾಮಕ್ಕಳಿಗೆ ಮೊಟ್ಟೆ ನೀಡಬೇಕೆಂಬ ಪ್ರಸ್ತಾವ ಕರ್ನಾಟಕದಲ್ಲಿ ಮಠಾಧೀಶರ ವಿರೋಧದಿಂದ ಮತ್ತೆ ಮತ್ತೆ ನಿಂತು, ೨೦೨೧ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ೨೦೨೨ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿತು. ಕೊಡಗಿನ ಒಡೆಯನೂ ಆಳೂ ಮಾಂಸಾಹಾರಿಗಳು. ಇಲ್ಲಿನ ಮಗುವಿನ ತಟ್ಟೆಗೆ ಮೊಟ್ಟೆ ಬರುವುದು ತಡವಾದದ್ದಕ್ಕೆ ಕಾರಣ ಕೊಡಗಿನ ಯಾವ ಸಂಪ್ರದಾಯವೂ ಅಲ್ಲ. ದೂರದಲ್ಲಿ ನಡೆದ ಚರ್ಚೆಯೊಂದು ಇಲ್ಲಿಯ ಹಾಡಿಯ ಮಗುವಿನ ತೂಕವನ್ನು ಮುಟ್ಟಿತು.

ರಾಜ್ಯದ ಒಟ್ಟು ಚಿತ್ರವನ್ನು ೨೦೧೯-೨೦ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೀಡುತ್ತದೆ. ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ೩೩ರಷ್ಟು ವಯಸ್ಸಿಗೆ ತಕ್ಕ ತೂಕವಿಲ್ಲದವರು. ಅದೇ ರಾಜ್ಯದ ಹೆಂಗಸರಲ್ಲಿ ನೂರಕ್ಕೆ ೩೦ ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕದವರು, ೧೭ ಮಂದಿ ಕಡಿಮೆ ತೂಕದವರು. ಕೊರತೆ ಮತ್ತು ಅತಿರೇಕ ಒಂದೇ ಸಮಾಜದಲ್ಲಿ ಒಟ್ಟಿಗಿರುವ ಈ ಸ್ಥಿತಿ ಬ್ರೆಜಿಲ್, ಮೆಕ್ಸಿಕೊ, ದಕ್ಷಿಣ ಆಫ್ರಿಕ ಮುಂತಾದ ದೇಶಗಳಲ್ಲಿಯೂ ಕಂಡುಬಂದಿದೆ. ಕೊಡಗಿನಲ್ಲಿ ಇದರ ಎರಡು ತುದಿಗಳ ನಡುವೆ ಒಂದು ಫರ್ಲಾಂಗಿಗಿಂತ ಹೆಚ್ಚು ದೂರವಿಲ್ಲದ ಕಡೆಗಳುಂಟು: ನಾಟಿ, ಬೇಟೆ, ನಡಿಗೆಗಳನ್ನು ಬಿಟ್ಟು ಹಳೆಯ ಊಟವನ್ನು ಉಳಿಸಿಕೊಂಡ ಮನೆ ಒಂದು ಕಡೆ, ದುಡಿಮೆಯನ್ನು ಉಳಿಸಿಕೊಂಡು ಹಳೆಯ ಊಟವನ್ನು ಕಳೆದುಕೊಂಡ ಲೈನುಮನೆ ಇನ್ನೊಂದು ಕಡೆ. ಅಗ್ಗದ ಅಕ್ಕಿ, ಎಣ್ಣೆ, ಸಕ್ಕರೆಗಳಿಂದ ಸಿಹಿಮೂತ್ರರೋಗ ಎರಡನೆಯ ಕಡೆಗೂ ನಡೆದು ಬರುತ್ತಿದೆ.

ಹಕ್ಕಿನ ವಿಷಯದಲ್ಲಿ ಎರಡು ಕಡೆಗಳ ಗತಿ ಬೇರೆಯಾಗಿಯೇ ಉಳಿಯಿತು. ಬಾಣೆಯ ಒಡೆತನದ ಪ್ರಶ್ನೆ ಉಚ್ಚ ನ್ಯಾಯಾಲಯಕ್ಕೆ ಹೋಗಿ ೧೯೯೩ರಲ್ಲಿ ಪೂರ್ಣಪೀಠದ ತೀರ್ಪನ್ನು ಪಡೆಯಿತು, ಆಮೇಲೆ ವಿಧಾನಮಂಡಲಕ್ಕೆ ಬಂದು ೨೦೧೧ರ ಭೂಕಂದಾಯ ತಿದ್ದುಪಡಿಯಾಯಿತು. ಕೋವಿಯ ವಿನಾಯಿತಿಯನ್ನು ಕೇಂದ್ರ ಸರಕಾರ ೨೦೧೯ರಲ್ಲಿ ಇನ್ನೂ ಹತ್ತು ವರ್ಷಗಳಿಗೆ, ೨೦೨೯ರವರೆಗೆ, ಮುಂದುವರಿಸಿತು. ಕಾಡುಜನರ ಪಾಲಿಗೆ ೨೦೦೬ರ ಅರಣ್ಯ ಹಕ್ಕುಗಳ ಕಾನೂನು ಬಂದಿತು. ಕಿರು ಅರಣ್ಯೋತ್ಪನ್ನದ ಮೇಲಿನ ಹಕ್ಕನ್ನು, ಎಂದರೆ ಜೇನು ಗೆಣಸುಗಳ ಹಕ್ಕನ್ನು, ಅದು ಮೊದಲ ಬಾರಿಗೆ ಬರಹದಲ್ಲಿ ಮನ್ನಿಸಿತು. ಅದು ಜಾರಿಯಾದ ಬಗೆಗೆ ದಿಡ್ಡಳ್ಳಿ ಸಾಕ್ಷಿ. ವೀರರಾಜಪೇಟೆ ತಾಲ್ಲೂಕಿನ ಆ ಕಾಡಂಚಿನಲ್ಲಿ, ಬಹುಮಟ್ಟಿಗೆ ಲೈನುಮನೆಗಳಿಂದ ಹೊರಬಂದು ಗುಡಿಸಿಲು ಕಟ್ಟಿಕೊಂಡಿದ್ದ ೫೭೭ ಕುಟುಂಬಗಳನ್ನು ೨೦೧೬ರ ಡಿಸೆಂಬರಿನಲ್ಲಿ ತೆರವು ಮಾಡಲಾಯಿತು. ಅವರಲ್ಲಿ ಹೆಚ್ಚಿನವರು ಎರವರು ಮತ್ತು ಜೇನುಕುರುಬರು. ಗುಡಿಸಿಲು ಬಿದ್ದ ಮೇಲೆಯೂ ಅವರು ಅಲ್ಲಿಯೇ ಬಯಲಿನಲ್ಲಿ ಕುಳಿತು ಹೋರಾಡಿದರು. ಕೇಳಿದ್ದು ಮನೆ ಮತ್ತು ಭೂಮಿ. ಮುಂದೆ ಸೋಮವಾರಪೇಟೆ ತಾಲ್ಲೂಕಿನ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಅವರಿಗೆ ಪುನರ್ವಸತಿ ಕಲ್ಪಿಸಲಾಯಿತು. ಮನೆಗಳು ಸಾಲಾಗಿ ಎದ್ದವು. ಗದ್ದೆಯೂ ಬಾಣೆಯೂ ಆ ಮನೆಗಳ ಜೊತೆಗೆ ಬರಲಿಲ್ಲ. ತೋಟದ ಕೆಲಸಕ್ಕೆ ಹೋಗುವವರನ್ನು ಬೆಳಗ್ಗೆ ಜೀಪುಗಳು ಬಂದು ಕರೆದೊಯ್ಯುತ್ತವೆ, ಅಕ್ಕಿ ನ್ಯಾಯಬೆಲೆ ಅಂಗಡಿಯಿಂದ ಬರುತ್ತದೆ.